ಬೆಳ್ಳಿ ಕಪ್ಪಾಗಲು ಕಾರಣ ಉಪ್ಪುಗಾಳಿಯಲ್ಲ

ಬೆಳ್ಳಿ ತಂತಿಯಲ್ಲಿ ಒಡವೆ ಮಾಡಲು ನನ್ನ ಹಾಗೆ ಈಗಷ್ಟೇ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಕುಮಟಾದಲ್ಲಿ ಮಳೆಗಾಲ ಹಿಡಿಯಿತೆಂದರೆ ಡಬ್ಬಿಯಲ್ಲಿಟ್ಟ ಓಲೆಯೂ ಮಂಕಾಗುತ್ತದೆ. ಮನೆಯಲ್ಲಿ ಎಲ್ಲರೂ ಬೈಯುವುದು ಉಪ್ಪುಗಾಳಿಯನ್ನೇ. ನಾನೂ ಹಾಗೇ ನಂಬಿದ್ದೆ.

ಒಡವೆ ಬೆಳ್ಳಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅದನ್ನು ಕಪ್ಪು ಮಾಡುವುದು ಮುಖ್ಯವಾಗಿ ಗಂಧಕ. ಸಮುದ್ರದ ನೀರು ಇಳಿಯುವ ಹೊತ್ತಿಗೆ ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಕೆಸರಿನಿಂದ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಅದರಲ್ಲಿರುವ ಗಂಧಕ ಬೆಳ್ಳಿಗೆ ಅಂಟಿ ಸಿಲ್ವರ್ ಸಲ್ಫೈಡ್ ಆಗುತ್ತದೆ, ಕಪ್ಪು ಪದರ ಅಂದರೆ ಅದೇ. ಗಾಳಿಯಲ್ಲಿ ತೇವ ಇದ್ದರೆ ಕೆಲಸ ಇನ್ನೂ ಬೇಗ. ರಬ್ಬರ್ ಬ್ಯಾಂಡಿನಲ್ಲೂ ಗಂಧಕ ಇದೆ, ಓಲೆ ಜೋಡಿಗೆ ಅದನ್ನು ಸುತ್ತಿಡಬೇಡಿ.

ನಾನು ಎಡವಿದ್ದು 'ಆಕ್ಸಿಡೈಸ್ಡ್' ಬೆಳ್ಳಿ ಎಂಬ ಹೆಸರಿನಲ್ಲಿ. ಹೆಸರು ಕೇಳಿದರೆ ಆಮ್ಲಜನಕದ ಕೆಲಸ ಅನ್ನಿಸುತ್ತದೆ, ಅಲ್ವಾ? ಆದರೆ ಕೆತ್ತನೆ ಎದ್ದು ಕಾಣಲಿ ಎಂದು ಬೇಕಂತಲೇ ತರಿಸುವ ಆ ಕಪ್ಪೂ ಹೆಚ್ಚಾಗಿ ಗಂಧಕದ್ದೇ. ಬೇಡದ ಕಪ್ಪು, ಬೇಕಾದ ಕಪ್ಪು, ಎರಡೂ ಒಂದೇ ವಸ್ತು! ಇದು ಗೊತ್ತಿಲ್ಲದೆ ಅಕ್ಕನ ಆಕ್ಸಿಡೈಸ್ಡ್ ಝುಮ್ಕಿಯನ್ನು, ಕಪ್ಪು ತೆಗೆಯಲೆಂದು, ಫಾಯಿಲ್ ಹಾಸಿದ ಸೋಡಾ ನೀರಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಝುಮ್ಕಿ ಬೆಳ್ಳಗಾಯಿತು, ಕೆತ್ತನೆಯ ಕಪ್ಪೆಲ್ಲ ಹೋಯಿತು. ಅಕ್ಕ ಏನೂ ಅನ್ನಲಿಲ್ಲ, ನನಗೆ ಮಾತ್ರ ಇವತ್ತಿಗೂ ಬೇಜಾರಿದೆ.

ಫಾಯಿಲ್ ವಿಧಾನ ಹೀಗೆ. ಪಿಂಗಾಣಿ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡಾ ಹಾಕಿ, ಕುದಿನೀರು ಸುರಿದು ಬೆಳ್ಳಿಯನ್ನು ಮುಳುಗಿಸಬೇಕು. ಬೆಳ್ಳಿ ಫಾಯಿಲಿಗೆ ತಾಗಿಕೊಂಡೇ ಇರಬೇಕು, ನನಗೆ ಅರ್ಥವಾಗಲು ಮೂರು ದಿನ ಹಿಡಿದದ್ದು ಇದೇ. ಅಲ್ಯೂಮಿನಿಯಂ ತನ್ನ ಎಲೆಕ್ಟ್ರಾನ್‌ಗಳನ್ನು ಬೆಳ್ಳಿಗೆ ಕೊಡುತ್ತದೆ, ಆಗ ಗಂಧಕ ಬಿಟ್ಟುಹೋಗಿ ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ಎಲೆಕ್ಟ್ರಾನ್ ದಾಟಲು ಲೋಹಕ್ಕೆ ಲೋಹ ತಾಗಲೇಬೇಕು. ದಾರದಲ್ಲಿ ಕಟ್ಟಿ ನೀರಿನಲ್ಲಿ ತೇಲಿಬಿಟ್ಟರೆ ಏನೂ ಆಗುವುದಿಲ್ಲ, ನಾನು ಮಾಡಿ ನೋಡಿದ್ದೇನೆ. ಸೋಡಾ ಯಾಕೆಂದರೆ ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪೊರೆಯನ್ನು ಬಿಡಿಸಲು, ಅಯಾನುಗಳು ನೀರಿನಲ್ಲಿ ಓಡಾಡಲು. ಆಗ ಗಜನಿಯ ಅದೇ ವಾಸನೆ ಸ್ವಲ್ಪ ಬರುತ್ತದೆ, ಹೆದರಬೇಡಿ, ಕಿಟಕಿ ತೆಗೆದಿಡಿ. ಪಾಲಿಶ್ ಹಚ್ಚಿ ಉಜ್ಜಿದರೆ ಪ್ರತಿ ಸಲ ಸ್ವಲ್ಪ ಬೆಳ್ಳಿ ಸವೆಯುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಹಾಗಾಗಿ ಕಲ್ಲಿಲ್ಲದ ಸಾದಾ ಬೆಳ್ಳಿಗೆ ನನಗೆ ಇದೇ ಇಷ್ಟ.

ಕಲ್ಲಿದ್ದರೆ ಬೇಡ. ಮುತ್ತು, ಹವಳ, ಫಿರೋಜಾ, ಓಪಲ್ ಇವಕ್ಕೆ ಕುದಿನೀರೂ ಬೇಡ, ಸೋಡಾವೂ ಬೇಡ. ಆಯಿ ಬೆಳ್ಳಿ ದೀಪವನ್ನು ಹುಣಸೆಹಣ್ಣಿನಲ್ಲೋ ಮುರುಗಲ ಸಿಪ್ಪೆಯಲ್ಲೋ ತಿಕ್ಕುತ್ತಾಳೆ, ದೀಪಕ್ಕೆ ಸರಿ, ಮುತ್ತಿಗೆ ಅದೇ ವಿಷ. ನಂಬಿಕೆ ಬಾರದಿದ್ದರೆ ಹೊಳೆ ದಂಡೆಯ ಬಳಚಿನ ಚಿಪ್ಪಿಗೆ ನಿಂಬೆರಸ ಹಾಕಿ ನೋಡಿ. ಗುಳ್ಳೆ ಏಳುತ್ತದೆ. ಚಿಪ್ಪು, ಮುತ್ತು, ಹವಳ ಎಲ್ಲವೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ತಾಗಿದರೆ ಕರಗುತ್ತವೆ. ಮುತ್ತನ್ನು ತೊಟ್ಟು ತೆಗೆದ ಮೇಲೆ ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ದಾರ ಪೂರ್ತಿ ಒಣಗಿದ ಮೇಲೇ ಎತ್ತಿಡಿ.

ಒಣ ಬಟ್ಟೆ ಯಾಕೆ ಬೇಡ ಅಂದರೆ, ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. 1812ರಲ್ಲಿ ಫ್ರೆಡ್ರಿಕ್ ಮೋಸ್ ಮಾಡಿದ ಗಡಸುತನದ ಅಳತೆಯಲ್ಲಿ ಬೆಣಚು 7, ಮುತ್ತು 2.5ರಿಂದ 4.5. ಒಣಗಿದ್ದಾಗ ಉಜ್ಜಿದರೆ ಗೀರು ಬಿದ್ದೇ ಬೀಳುತ್ತದೆ.

ಸಾದಾ ಬೆಳ್ಳಿಯನ್ನು ಜಿಪ್ ಕವರಿನಲ್ಲಿ ಸೀಮೆಸುಣ್ಣದ ತುಂಡಿನ ಜೊತೆ ಇಡಿ, ಅದು ತೇವ ಎಳೆಯುತ್ತದೆ. ಮುತ್ತನ್ನು ಮಾತ್ರ ಪ್ಲಾಸ್ಟಿಕ್‌ನಲ್ಲಿ ಮುಚ್ಚಿಡದೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮಳೆ ಬಿಟ್ಟಾಗ ಒಣಗಲಿ ಎಂದು ಎಲ್ಲವನ್ನೂ ಅಂಗಳದ ಬಿಸಿಲಿಗೆ ಹಾಕುವ ಅಭ್ಯಾಸ ಇದ್ದರೆ ಅಮೆಥಿಸ್ಟನ್ನು ಒಳಗೇ ಬಿಡಿ, ಬಿಸಿಲಿಗೆ ಅದರ ನೇರಳೆ ಬಣ್ಣ ಮಾಸುತ್ತದೆ.