ಎದೆ ಉಬ್ಬಿದ ಮೇಲೆ ಗಾಳಿ

ಚಿಕ್ಕವನಿದ್ದಾಗ ತೋಟದ ಕತ್ತಿ ತಟ್ಟಿಸಲು ಅಪ್ಪನ ಜೊತೆ ಚಿಕ್ಕಮಗಳೂರಿನ ಕುಲುಮೆಯೊಂದಕ್ಕೆ ಹೋಗುತ್ತಿದ್ದೆ. ಅಲ್ಲೊಂದು ಚರ್ಮದ ತಿದಿ. ಆಚಾರ್ರು ಹಿಡಿ ಎತ್ತಿದರೆ ಉಬ್ಬುತ್ತಿತ್ತು, ಅದುಮಿದರೆ ಬುಸ್ಸೆಂದು ಇದ್ದಿಲು ಕೆಂಪಾಗುತ್ತಿತ್ತು. ಗಾಳಿ ತುಂಬಿದ್ದಕ್ಕೆ ತಿದಿ ಉಬ್ಬಿತೋ, ಉಬ್ಬಿದ್ದಕ್ಕೆ ಗಾಳಿ ತುಂಬಿತೋ? ಹಿಡಿ ಎತ್ತುವ ಕೈ ಕಣ್ಣೆದುರೇ ಇದ್ದುದರಿಂದ ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಮ್ಮ ಎದೆಯ ವಿಷಯಕ್ಕೆ ಬಂದರೆ ಮಾತ್ರ ಓದಿದವರೂ ತಿರುವುಮುರುವು ಹೇಳುತ್ತಾರೆ: ಗಾಳಿ ಹೋಯಿತು, ಅದಕ್ಕೇ ಎದೆ ಉಬ್ಬಿತು ಅಂತ.

ಮೊದಲು ಉಬ್ಬುವುದು ಎದೆ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಬಾಗಿರುವ ವಪೆ ಎಂಬ ಸ್ನಾಯು ಬಿಗಿದು ಕೆಳಗಿಳಿಯುತ್ತದೆ. ಪಕ್ಕೆಲುಬುಗಳು ಬಕೆಟ್ಟಿನ ಹಿಡಿಯಂತೆ ಮೇಲಕ್ಕೂ ಹೊರಕ್ಕೂ ಏಳುತ್ತವೆ. ಜಾಗ ಹೆಚ್ಚಿತು, ಒಳಗಿನ ಒತ್ತಡ ಇಳಿಯಿತು. ಎಷ್ಟು ಇಳಿಯಿತು ಗೊತ್ತೇ? ಸುಮ್ಮನೆ ಕೂತಿರುವಾಗ ಪಾದರಸದ ಸುಮಾರು 1 ಮಿಲಿಮೀಟರಿನಷ್ಟು. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ 760. ಅಷ್ಟು ಸಣ್ಣ ವ್ಯತ್ಯಾಸಕ್ಕೇ ಅರ್ಧ ಲೀಟರ್ ಗಾಳಿ ತಾನಾಗಿ ಒಳಗೆ ನುಗ್ಗುತ್ತದೆ!

ನನಗೆ ಇನ್ನೂ ಬೆರಗು ಹುಟ್ಟಿಸುವುದು ಬೇರೆ ಸಂಗತಿ. ಶ್ವಾಸಕೋಶಕ್ಕೆ ಹಿಗ್ಗುವ ಸ್ವಂತ ಸ್ನಾಯು ಇಲ್ಲ, ಎದೆಗೂಡಿಗೆ ಅದನ್ನು ಹೊಲಿದೂ ಇಲ್ಲ. ಮತ್ತೆ ಜೊತೆಗೆ ಹೇಗೆ ಹಿಗ್ಗುತ್ತದೆ? ನಡುವೆ ಎರಡು ಪೊರೆ, ಅವುಗಳ ಮಧ್ಯೆ ಎರಡು ಮೂರು ಚಮಚದಷ್ಟು ದ್ರವ. ಎರಡು ಗಾಜಿನ ತುಂಡು ಒದ್ದೆ ಮಾಡಿ ಒಂದರ ಮೇಲೊಂದಿಡಿ. ಜಾರಿಸಿದರೆ ಜಾರುತ್ತವೆ, ಎತ್ತಿದರೆ ಬಿಡುವುದಿಲ್ಲ. ಮಳೆಗೆ ನೆನೆದ ಬಾಳೆಎಲೆ ಕಡಪದ ಕಲ್ಲಿಗೆ ಅಂಟಿಕೊಂಡದ್ದನ್ನು ನೋಡಿದ್ದೀರಲ್ಲ, ಹಾಗೆ. ಎದೆಗೆ ಇರಿತದ ಗಾಯವಾಗಿ ಆ ಸಂದಿಗೆ ಗಾಳಿ ನುಗ್ಗಿತೆಂದರೆ ಅಂಟು ಬಿಡುತ್ತದೆ, ಶ್ವಾಸಕೋಶ ಗಾಳಿ ಹೋದ ಬಲೂನಿನಂತೆ ಮುದುಡುತ್ತದೆ.

ಎದೆ ಹಿಗ್ಗಿದ್ದಕ್ಕೇ ಗಾಳಿ ನುಗ್ಗುತ್ತದೆ ಎಂಬುದನ್ನು ಇಂಗ್ಲೆಂಡಿನ ವೈದ್ಯ ಜಾನ್ ಮೇಯೋ 1674ರಲ್ಲೇ ತಿದಿಯಿಂದಲೇ ವಿವರಿಸಿದ್ದ. ತಿದಿಯೊಳಗೆ ಪ್ರಾಣಿಯ ಮೂತ್ರಕೋಶದ ಚೀಲವಿಟ್ಟು, ಚೀಲದ ಬಾಯಿ ಹೊರಗಿನ ಗಾಳಿಗೆ ತೆರೆದಿಟ್ಟ. ತಿದಿ ಹಿಗ್ಗಿಸಿದರೆ ಸಾಕು, ಯಾರೂ ಊದದೆ ಚೀಲ ಉಬ್ಬುತ್ತದೆ. 1928ರಲ್ಲಿ ಬಾಸ್ಟನ್ನಿನಲ್ಲಿ ಪೋಲಿಯೋದಿಂದ ಉಸಿರಿನ ಸ್ನಾಯು ಸೋತ ಮಗುವನ್ನು ಮಲಗಿಸಿದ ಕಬ್ಬಿಣದ ಪೀಪಾಯಿಗೂ ಇದೇ ತತ್ವ: ತಲೆ ಹೊರಗೆ, ಮೈ ಒಳಗೆ, ಪೀಪಾಯಿಯ ಒತ್ತಡ ಇಳಿಸಿದಾಗಲೆಲ್ಲ ಎದೆ ಹಿಗ್ಗುತ್ತಿತ್ತು.

‘ಹೊಟ್ಟೆ ತುಂಬ ಗಾಳಿ ತುಂಬಿಕೊಳ್ಳಿ’ ಎಂದು ಹೇಳಿಕೊಡುವವರಿದ್ದಾರೆ. ಹೊಟ್ಟೆಗೆ ಉಸಿರು ಹೋಗುವುದೇ ಇಲ್ಲ. ವಪೆ ಇಳಿದು ಕರುಳು, ಪಿತ್ತಕೋಶ, ಯಕೃತ್ತುಗಳನ್ನು ಮುಂದಕ್ಕೆ ನೂಕುತ್ತದೆ, ಅಷ್ಟೇ.

ಇನ್ನು ಮುಳ್ಳಯ್ಯನಗಿರಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ‘ಮೇಲೆ ಗಾಳಿಯಲ್ಲಿ ಆಮ್ಲಜನಕದ ಪಾಲೇ ಕಮ್ಮಿ’ ಎನ್ನುವವರು ಪ್ರತಿಸಲವೂ ಸಿಗುತ್ತಾರೆ. ಪಾಲು ಅಲ್ಲೂ ನೂರಕ್ಕೆ 21. ಇಳಿದಿರುವುದು ಒತ್ತಡ, 1,930 ಮೀಟರಿನಲ್ಲಿ ಅದು ಸಮುದ್ರಮಟ್ಟದ ಐದರಲ್ಲಿ ನಾಲ್ಕು ಪಾಲು. ಎದೆ ಮಂಗಳೂರಿನಲ್ಲಿ ಹಿಗ್ಗಿದಷ್ಟೇ ಹಿಗ್ಗಿದರೆ ಬರುವುದೂ ಅದೇ ಅರ್ಧ ಲೀಟರ್, ಆದರೆ ತೆಳ್ಳನೆಯ ಗಾಳಿ. ಅದರ ಜೊತೆಗೆ ಕಾಲುಗಳ ಸ್ನಾಯು ಸುರಿಯುತ್ತಿರುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕಲು ಮಿದುಳಿನ ಬುಡ ತಿದಿಯನ್ನು ಬೇಗಬೇಗ ಒತ್ತಿಸುತ್ತಿರುತ್ತದೆ.