ಒಂದೇ ಸಲ ಕಳಿಸಿ, ಎಲ್ಲ ಅಂಗಡಿಗೂ ಮುಟ್ಟಿಸಿ

ರಾಯಚೂರಿನ ಗಂಜ್‌ಗೆ (ಕೃಷಿ ಮಾರುಕಟ್ಟೆಗೆ) ಹತ್ತಿ ಬರುವ ಕಾಲ. ದರ ಬದಲಾದ ತಕ್ಷಣ ಪ್ರತಿ ದಲಾಲಿ ಅಂಗಡಿಯ ಕಂಪ್ಯೂಟರಿನಲ್ಲೂ ಅದು ಕಾಣಬೇಕು ಅಂದುಕೊಳ್ಳಿ. ಅಂಗಡಿಗಳು 200 ಇರಲಿ. ವೆಬ್‌ಸಾಕೆಟ್ (ಬ್ರೌಸರ್ ಮತ್ತು ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ) ಬಳಸಿದರೆ ಸರ್ವರ್ ಪ್ರತಿ ಅಂಗಡಿಗೂ ಬೇರೆ ಬೇರೆ ಸಂಪರ್ಕ ಇಟ್ಟುಕೊಳ್ಳಬೇಕು. ಒಂದು ದರ ಬದಲಾದರೆ ಅದೇ ಸುದ್ದಿಯನ್ನು 200 ಸಲ ಕಳಿಸಬೇಕು.

ಇಷ್ಟು ಶ್ರಮ ಬೇಕಾ? ಮೈಕಿನಲ್ಲಿ ಒಮ್ಮೆ ಕೂಗಿದರೆ ಸಾಲದೇ? ನೆಟ್‌ವರ್ಕಿನಲ್ಲಿ ಅಂಥ ಮೈಕೇ ಮಲ್ಟಿಕಾಸ್ಟ್. ಕಂಪ್ಯೂಟರ್ ವಿಜ್ಞಾನಿ ಸ್ಟೀವ್ ಡೀರಿಂಗ್ 1989ರಲ್ಲಿ ಇದರ ನಿಯಮಗಳನ್ನು ಬರೆದರು. 224ರಿಂದ 239ರವರೆಗಿನ ಸಂಖ್ಯೆಯಿಂದ ಶುರುವಾಗುವ ಐಪಿ ವಿಳಾಸಗಳು ಯಾವುದೋ ಒಂದು ಯಂತ್ರದವಲ್ಲ, ಗುಂಪಿನವು. ಬೇಕಾದ ಕಂಪ್ಯೂಟರ್ ‘ನಾನೂ ಈ ಗುಂಪಿಗೆ ಸೇರಿದ್ದೇನೆ’ ಎಂದು ತಿಳಿಸುತ್ತದೆ. ಸರ್ವರ್ ಒಂದೇ ಪ್ರತಿ ಕಳಿಸುತ್ತದೆ. ದಾರಿ ಕವಲೊಡೆಯುವ ಕಡೆ ಸ್ವಿಚ್, ರೌಟರುಗಳೇ ನಕಲು ಮಾಡಿಕೊಳ್ಳುತ್ತವೆ. ಎಷ್ಟು ಚೆಂದದ ಯೋಚನೆ, ಅಲ್ವಾ?

ತೊಡಕು ಇರುವುದು ಬ್ರೌಸರಿನಲ್ಲಿ. ಸಾಮಾನ್ಯ ವೆಬ್ ಪುಟಕ್ಕೆ ಮಲ್ಟಿಕಾಸ್ಟ್ ಸಾಕೆಟ್ (ಸಂಪರ್ಕದ ಬಾಗಿಲು) ತೆರೆಯಲು ಬ್ರೌಸರ್ ಬಿಡುವುದಿಲ್ಲ. ಯಾವುದೋ ಗೊತ್ತಿಲ್ಲದ ಪುಟ ನಮ್ಮ ಮನೆ, ಕಚೇರಿಯ ನೆಟ್‌ವರ್ಕಿನೊಳಗೆ ಕೈಹಾಕಬಾರದಲ್ಲ, ಆ ಎಚ್ಚರ ಸರಿಯಾದದ್ದೇ. 2010ರಲ್ಲಿ ಬಂದ, ಬ್ರೌಸರಿಗೆ ಜೋಡಿಸುವ ಮೈಕ್ರೋಸಾಫ್ಟಿನ ತಂತ್ರಾಂಶ ಸಿಲ್ವರ್‌ಲೈಟ್ 4 ಇದಕ್ಕೆ ಅವಕಾಶ ಕೊಟ್ಟಿತ್ತು. ಆದರೆ ಸುಮ್ನೆ ಅಲ್ಲ: ಮೊದಲು ಅನುಮತಿ ಸಿಗಬೇಕು, ಆಮೇಲಷ್ಟೇ ಗುಂಪಿಗೆ ಸೇರಬಹುದು. ಅದು ಒಳ್ಳೆಯ ದಾರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. 2021ರಲ್ಲಿ ಸಿಲ್ವರ್‌ಲೈಟಿಗೆ ಬೆಂಬಲ ನಿಂತಿತು.

ಈಗ ಏನು ಮಾಡಬಹುದು? ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲೂ ಒಂದು ಪುಟ್ಟ ಪ್ರೋಗ್ರಾಂ ಇಡಬೇಕು. ಅದು ಗುಂಪಿಗೆ ಸೇರಿ ದರ ಕೇಳಿಸಿಕೊಳ್ಳುತ್ತದೆ, ಅದೇ ಯಂತ್ರದ ಬ್ರೌಸರಿಗೆ ವೆಬ್‌ಸಾಕೆಟ್ ಮೂಲಕ ದಾಟಿಸುತ್ತದೆ. ಅದನ್ನು ಸರ್ವರಿನ ಪಕ್ಕ ಒಂದೇ ಕಡೆ ಇಟ್ಟರೆ ಮತ್ತೆ 200 ಪ್ರತಿಗಳೇ ಹೊರಡುತ್ತವೆ, ಲಾಭ ಇಲ್ಲ.

ಮಲ್ಟಿಕಾಸ್ಟ್ ಸಾಗುವುದು ಯುಡಿಪಿ ಮೇಲೆ, ಅಂದರೆ ಮುಟ್ಟಿತೋ ಇಲ್ಲವೋ ಎಂದು ನೋಡದೆ ಕಳಿಸುವ ವಿಧಾನದ ಮೇಲೆ. ದಾರಿಯಲ್ಲಿ ಒಂದು ಪ್ಯಾಕೆಟ್ (ಮಾಹಿತಿಯ ತುಣುಕು) ಕಳೆದುಹೋದರೆ ಯಾರೂ ಹೇಳುವುದಿಲ್ಲ. ಅದಕ್ಕೇ ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಹಾಕಿ, ಕೆಲವು ಸೆಕೆಂಡಿಗೊಮ್ಮೆ ಪೂರ್ತಿ ದರಪಟ್ಟಿಯನ್ನೇ ಮತ್ತೆ ಕಳಿಸಬೇಕು. ದರದ ವಿಷಯದಲ್ಲಿ ಇದು ಸಾಕು. ಎರಡು ನಿಮಿಷ ಹಳೆಯ ದರ ತಪ್ಪಿದ್ದಕ್ಕೆ ಯಾರೂ ಅಳುವುದಿಲ್ಲ, ಈಗಿನ ದರ ಸರಿಯಿರಬೇಕು ಅಷ್ಟೇ. ಹಣ ಪಾವತಿಗೆ ಮಾತ್ರ ಈ ದಾರಿ ಬೇಡವೇ ಬೇಡ.

ಊರಾಚೆಯ ಇಂಟರ್‌ನೆಟ್‌ನಲ್ಲಿ ಇದು ಸಾಮಾನ್ಯವಾಗಿ ನಡೆಯುವುದಿಲ್ಲ, ಗಂಜ್‌ನ ಒಳಗಿನ ನೆಟ್‌ವರ್ಕಿಗಷ್ಟೇ ಸರಿ. ಅಲ್ಲೂ ಕೇಬಲ್ ಇದ್ದರೆ ಒಳ್ಳೆಯದು. ವೈಫೈ ಮಲ್ಟಿಕಾಸ್ಟನ್ನು ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ಕಳಿಸುತ್ತದೆ, ಮುಟ್ಟಿತಾ ಎಂದೂ ಕೇಳುವುದಿಲ್ಲ.