ಬುಸುಗುಟ್ಟುವ ಬೆಕ್ಕನ್ನು ಮುದ್ದು ಮಾಡುವುದು ಹೇಗೆ?

ಹತ್ತಿರ ಹೋದರೆ ಬುಸ್ ಅನ್ನುತ್ತದೆ, ಮುಟ್ಟಿದರೆ ಪರಚುತ್ತದೆ. ಇಂಥ ಬೆಕ್ಕನ್ನು ಕಂಡರೆ ನಾವು ‘ಸೊಕ್ಕು ಜಾಸ್ತಿ’ ಅಂದುಬಿಡುತ್ತೇವೆ. ಸಾಮಾನ್ಯವಾಗಿ ಅದು ಸೊಕ್ಕಲ್ಲ, ಹೆದರಿಕೆ. ಬೆನ್ನು ಬಾಗಿಸಿ ಮೈಕೂದಲು ನಿಮಿರಿಸಿದ ಬೆಕ್ಕು ಇರುವುದಕ್ಕಿಂತ ದೊಡ್ಡದಾಗಿ ಕಾಣಲು ನೋಡುತ್ತಿರುತ್ತದೆ. ಜಗಳವಿಲ್ಲದೆ ನೀವು ದೂರ ಹೋದರೆ ಅದಕ್ಕೆ ಅಷ್ಟೇ ಸಾಕು.

ಮನುಷ್ಯರನ್ನು ನಂಬಬಹುದೋ ಬೇಡವೋ ಅನ್ನುವುದನ್ನು ಬೆಕ್ಕು ತೀರಾ ಎಳೆ ವಯಸ್ಸಿನಲ್ಲೇ ಕಲಿಯುತ್ತದೆ. ಹುಟ್ಟಿದ 2ನೇ ವಾರದಿಂದ ಸುಮಾರು 7ನೇ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಸಲೀಸಾಗಿ ಒಗ್ಗಿಕೊಳ್ಳುತ್ತದೆ. ಆ ದಿನಗಳನ್ನು ಗೋಡೌನಿನ ಮೂಲೆಯಲ್ಲೋ ಚರಂಡಿ ಬದಿಯಲ್ಲೋ ಕಳೆದ ಮರಿಗೆ ನಮ್ಮ ಕೈ ಅಂದರೆ ಅಪಾಯ. ಅಪ್ಪನ ಪಾಲೂ ಇದೆ. ಸ್ನೇಹದ ಸ್ವಭಾವದ ಗಂಡು ಬೆಕ್ಕಿಗೆ ಹುಟ್ಟಿದ ಮರಿಗಳಿಗೆ ಧೈರ್ಯ ಹೆಚ್ಚು ಅಂತ ಸಂಶೋಧಕಿ ಸ್ಯಾಂಡ್ರಾ ಮೆಕ್‌ಕ್ಯೂನ್ 1995ರಲ್ಲಿ ತೋರಿಸಿದರು. ಆ ಮರಿಗಳು ಅಪ್ಪನ ಮುಖವನ್ನೂ ನೋಡಿರಲಿಲ್ಲ.

ಹಾಗಾದರೆ ಏನು ಮಾಡುವುದು? ಮೊದಲು, ಎತ್ತಿಕೊಳ್ಳುವುದನ್ನು ಬಿಡಿ. ಅಪ್ಪಿ ಮುದ್ದಾಡುವುದು ನಮಗೆ ಪ್ರೀತಿ, ಹೆದರಿದ ಬೆಕ್ಕಿಗೆ ಅದು ಸೆರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸಂಶೋಧಕ ಡೆನಿಸ್ ಟರ್ನರ್ ಮತ್ತು ಜೊತೆಗಾರರು ಮನೆಗಳಲ್ಲಿ ಜನ ಮತ್ತು ಬೆಕ್ಕುಗಳ ಒಡನಾಟವನ್ನು ಗಮನಿಸಿದರು. ಬೆಕ್ಕು ತಾನಾಗಿ ಬಂದಾಗ ಒಡನಾಟ ಹೆಚ್ಚು ಹೊತ್ತು ನಡೆಯುತ್ತಿತ್ತು, ಮನುಷ್ಯರು ಮೇಲೆ ಬಿದ್ದು ಹೋದಾಗ ಬೇಗ ಮುಗಿಯುತ್ತಿತ್ತು. ಲಂಡನ್ನಿನ ಬೀದಿ ಪ್ರಾಣಿಗಳ ಆಶ್ರಯ ತಾಣವೊಂದರಲ್ಲಿ 100 ಬೆಕ್ಕುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೂ ಇದಕ್ಕೇ ಹೊಂದುತ್ತದೆ. ಬೆಕ್ಕಿನ ಇಷ್ಟಕ್ಕೆ ಬಿಡಿ, ಅದರ ಮೈಯ ಸುಳಿವುಗಳನ್ನು ಗಮನಿಸಿ, ಎಲ್ಲಿ ಮುಟ್ಟಬೇಕೋ ಅಲ್ಲಷ್ಟೇ ಮುಟ್ಟಿ ಅಂತ ಜನರಿಗೆ ಚುಟುಕಾಗಿ ಹೇಳಿಕೊಟ್ಟರು. ಅಷ್ಟಕ್ಕೇ ಕಚ್ಚುವುದು, ಪರಚುವುದು ಕಡಿಮೆಯಾಯಿತು.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ನೆಲದ ಮೇಲೆ ಕೂತು, ಬೆಕ್ಕಿಗೆ ನೇರ ಮುಖ ಕೊಡದೆ ಸ್ವಲ್ಪ ಪಕ್ಕಕ್ಕೆ ತಿರುಗಿ. ಒಂದು ಬೆರಳನ್ನು ಅದರ ಮೂಗಿನ ಎತ್ತರಕ್ಕೆ ಚಾಚಿ ಸುಮ್ನೆ ಇರಿ. ಅದು ಬಂದು ಮೂಸಿ, ಕೆನ್ನೆ ಉಜ್ಜಿದರೆ ಒಪ್ಪಿಗೆ ಸಿಕ್ಕಿತು. ಆಗ ಕೆನ್ನೆ, ಗದ್ದ, ಕಿವಿಯ ಬುಡ ಸವರಿ. ಬಹಳಷ್ಟು ಬೆಕ್ಕುಗಳಿಗೆ ಇಷ್ಟವಾಗುವುದು ಈ ಜಾಗಗಳೇ. ಹೊಟ್ಟೆ, ಬಾಲದ ಬುಡ ಬೇಡ. ಮೂರ್ನಾಲ್ಕು ಸಲ ಸವರಿ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಮತ್ತೆ ತಲೆ ಒಡ್ಡಿತೇ? ಮುಂದುವರಿಸಿ. ಬಾಲದ ತುದಿ ಪಟಪಟ ಬಡಿದರೆ, ಕಿವಿ ಪಕ್ಕಕ್ಕೆ ಮಲಗಿದರೆ, ಬೆನ್ನಿನ ಚರ್ಮ ಅದುರಿದರೆ ನಿಲ್ಲಿಸಿ. ‘ಇದ್ದಕ್ಕಿದ್ದಂತೆ ಕಚ್ಚಿತು’ ಅನ್ನುವವರು ಹೆಚ್ಚಾಗಿ ಈ ಸೂಚನೆಗಳನ್ನು ನೋಡಿರುವುದೇ ಇಲ್ಲ.

ಇನ್ನು ಕಣ್ಣು. ದಿಟ್ಟಿಸಿ ನೋಡಿದರೆ ಬೆಕ್ಕಿಗೆ ಅದು ಬೆದರಿಕೆ. ಬದಲಿಗೆ ಕಣ್ಣನ್ನು ಅರ್ಧ ಮುಚ್ಚಿ, ನಿಧಾನವಾಗಿ ಪೂರ್ತಿ ಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು 2020ರಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಹೀಗೆ ಕಣ್ಣು ಮಿಟುಕಿಸಿದರೆ ಬೆಕ್ಕುಗಳೂ ತಿರುಗಿ ಮಿಟುಕಿಸುತ್ತಿದ್ದವು, ಅಪರಿಚಿತರು ಚಾಚಿದ ಕೈ ಹತ್ತಿರಕ್ಕೂ ಹೆಚ್ಚಾಗಿ ಬರುತ್ತಿದ್ದವು. ಮನೆಮಂದಿಗೆ ಇದು ತಮಾಷೆಯಾಗಿ ಕಾಣಬಹುದು, ಪರವಾಗಿಲ್ಲ.

ಅಡಗಲು ಒಂದು ಜಾಗವೂ ಬೇಕು. ಹಳೆಯ ರಟ್ಟಿನ ಡಬ್ಬವಾದರೂ ನಡೆಯುತ್ತದೆ. ನೆದರ್ಲೆಂಡ್ಸಿನ ಆಶ್ರಯ ತಾಣವೊಂದರಲ್ಲಿ ಡಬ್ಬ ಸಿಕ್ಕ ಬೆಕ್ಕುಗಳು ಡಬ್ಬ ಇಲ್ಲದವುಗಳಿಗಿಂತ ಬೇಗ ಹೊಸ ಜಾಗಕ್ಕೆ ಹೊಂದಿಕೊಂಡವು. ಒಳಗಿರುವಾಗ ಮಾತ್ರ ಕೈ ಹಾಕಿ ಎಳೆಯಬೇಡಿ.

ಇಷ್ಟು ದಿನ ಸಾಧುವಾಗಿದ್ದ ಬೆಕ್ಕು ಈಗ ಮುಟ್ಟಿಸಿಕೊಳ್ಳುತ್ತಿಲ್ಲವೇ? ಆಗ ಮುದ್ದಿಗಿಂತ ಮೊದಲು ಪಶುವೈದ್ಯರು. ಹಲ್ಲು ನೋವು, ಕೀಲು ನೋವು ಇರಬಹುದು. 12 ವರ್ಷ ದಾಟಿದ ಬೆಕ್ಕುಗಳ ಎಕ್ಸ್‌ರೇ ನೋಡಿದ ಒಂದು ಅಧ್ಯಯನದಲ್ಲಿ 100ಕ್ಕೆ 90ರಲ್ಲಿ ಕೀಲು ಸವೆದಿತ್ತು. ನೋವಿದ್ದರೂ ತೋರಿಸಿಕೊಳ್ಳದಿರುವುದು ಬೆಕ್ಕಿನ ಜಾಯಮಾನ. ಬೈದು, ಹೊಡೆದು, ಮುಖಕ್ಕೆ ನೀರೆರಚಿದರೆ ಹೆದರಿಕೆ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

ಕಚ್ಚಿದರೆ ಅಸಡ್ಡೆ ಬೇಡ. ಬೆಕ್ಕಿನ ಕೋರೆಹಲ್ಲು ಸೂಜಿಯಷ್ಟು ಚೂಪು. ಗಾಯ ಮೇಲೆ ಚಿಕ್ಕದಾಗಿ ಕಂಡರೂ ಬ್ಯಾಕ್ಟೀರಿಯಾ ಆಳಕ್ಕೆ ಇಳಿದು ಕೀವಾಗಬಹುದು. ರೇಬಿಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಸೋಪು ಹಚ್ಚಿ, ನಲ್ಲಿಯ ಕೆಳಗೆ 15 ನಿಮಿಷ ತೊಳೆಯಿರಿ. ಅರಿಶಿನ ಮೆತ್ತಿ ಕೂರಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.